ಕೊಕ್ಕು ಯಾವ ಕಡೆ

ಮಾರ್ಚ್ 4, ಮಂಗಳವಾರ

ಶಾಲೆಯವರ ಹನ್ನೆರಡು ಬಾವುಟ ಮುಗಿಸಿದೆ. ಬೆರಳ ತುದಿ ಉರಿ. ಮಧ್ಯಾಹ್ನ ಫೋನ್ ಬಂತು — ನಮ್ಮ ಪ್ರಾಂತ್ಯದ ಹೊಸ ಬಾವುಟಕ್ಕೆ ಡ್ರಾಯಿಂಗ್ ಟೀಚರ್ ಆಗಿರುವ ನನ್ನ ತಂಗಿಯ ಡಿಸೈನ್ ಆಯ್ಕೆಯಾಗಿದೆಯಂತೆ. ನಾನೂ ಒಂದು ಕಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ, ಪುಣ್ಯ. ಇಪ್ಪತ್ತೆರಡು ವರ್ಷ ಬಾವುಟ ಹೊಲಿದವಳು ನಾನು. ಹಾರ ಮಾತ್ರ ಡ್ರಾಯಿಂಗ್ ಮೇಡಂಗೆ. ಹಿತ್ತಲ ಗಿಡ ಮದ್ದಲ್ಲ.

ಮಾರ್ಚ್ 6

ಪೇಪರಿನಲ್ಲಿ ಅವಳ ಫೋಟೊ. ನೀಲಿ ಎಂದರೆ ಹೊಳೆ, ಕೆಂಪು ಎಂದರೆ ಮಣ್ಣು, ಬಿಳಿ ಹಕ್ಕಿ ಎಂದರೆ ಎದುರುಗಾಳಿಗೂ ಬಗ್ಗದ ನಮ್ಮ ಜನ ಎಂದಿದ್ದಾಳೆ. ಚೆನ್ನಾಗಿದೆ. ಅದೇ ಸಂಕಟ. ಮೊದಲ ಬಾವುಟ ಹೊಲಿಯುವ ಕೆಲಸ ನನಗೇ ಕೊಡಿಸಿದ್ದಾಳೆ. ಅಮ್ಮ ಹೇಳಿದಳು, "ತಲೆ ಅವಳ್ದು, ಕೈ ನಿಂದು. ಇನ್ನೇನ್ ಬೇಕು?"

ತಲೆ ನನಗೂ ಇದೆಯಮ್ಮ.

ಮಾರ್ಚ್ 9, ಸಂಜೆ 5

ತಂಗಿ ನಕ್ಷೆ ತಂದಳು. ನೋಡಿದ ಕೂಡಲೇ ಗೊತ್ತಾಯಿತು. ಹಕ್ಕಿಯ ಕೊಕ್ಕು ಕಂಬದ ಕಡೆಗಿಲ್ಲ, ಆಚೆ ತುದಿಗಿದೆ. ಬಾವುಟಕ್ಕೆ ಗಾಳಿ ಬರುವುದು ಯಾವಾಗಲೂ ಕಂಬದ ಕಡೆಯಿಂದ. ಎದುರುಗಾಳಿಗೆ ಬಗ್ಗದ ಹಕ್ಕಿ ಊರೆಲ್ಲ ನೋಡುವಂತೆ ಗಾಳಿಗೆ ಬೆನ್ನು ತೋರಿಸಿ ಓಡುತ್ತದೆ. ಕಾಗದದ ಮೇಲೆ ಬರೆಯುವವರಿಗೆ ಕಂಬ ಕಾಣುವುದಿಲ್ಲ.

"ಅಕ್ಕ, ಒಂದ್ಸಲ ನೋಡಿಬಿಡು. ನೀನು ಸರಿ ಅಂದ್ರೆ ನಂಗೆ ಧೈರ್ಯ."

"ಸರಿಯಾಗೇ ಇದೆ" ಎಂದೆ.

ಟೀ ಕುಡಿದು, ನನ್ನ ಕೆನ್ನೆ ಹಿಂಡಿ ಹೋದಳು. ನನಗೆ ಖುಷಿಯಾಯಿತು. ಸುಳ್ಳೇಕೆ ಬರೆಯಲಿ — ತುಂಬಾ ಖುಷಿಯಾಯಿತು.

ಮಾರ್ಚ್ 17

ಇಷ್ಟು ದಿನ ಬರೆಯಲಿಲ್ಲ. ಹಕ್ಕಿ ಹೊಲಿದಾಯಿತು, ನಕ್ಷೆಯಲ್ಲಿದ್ದಂತೆಯೇ. ಹೊಲಿಗೆ ಮಾತ್ರ ಅಚ್ಚುಕಟ್ಟು. ಊಟ ಸೇರುತ್ತಿಲ್ಲ. ನಾಳೆ ಹತ್ತಕ್ಕೆ ಏರಿಸುತ್ತಾರೆ. ತಂಗಿ ಫೋನ್ ಮಾಡಿದ್ದಳು. "ಸ್ಟೇಜ್ ಮೇಲೆ ಮೊದ್ಲು ನಿನ್ ಬಗ್ಗೆನೇ ಹೇಳ್ತೀನಿ ಅಕ್ಕ. ಚಿಕ್ಕೋಳಿದ್ದಾಗ ನಂಗೆ ಪೆನ್ಸಿಲ್ ಹಿಡಿಯೋದು ಕಲಿಸಿದ್ದೇ ನೀನು."

ಮರೆತಿದ್ದೆ ಅದನ್ನು. ಅವಳು ಮರೆತಿಲ್ಲ.

ಮಾರ್ಚ್ 18, ಬೆಳಿಗ್ಗೆ 7

ಹಕ್ಕಿ ಬಿಚ್ಚಿದೆ. ತಿರುಗಿಸಿ ಹೊಲಿಯಲು ಒಂದು ಗಂಟೆ ಸಾಕು. ಆದರೆ ಕಂಡರೆ ಕೇಳುತ್ತಾಳೆ — ಅವತ್ತು ಸರಿ ಅಂದ್ಯಲ್ಲ ಅಕ್ಕ? ಹಾಗೇ ಬಿಟ್ಟಿದ್ದರೆ ತಪ್ಪು ಅವಳದಾಗುತ್ತಿತ್ತು. ತಿರುಗಿಸಿದರೆ ನನ್ನದು ಬಯಲಾಗುತ್ತದೆ.

ಪಿನ್ ಹಾಕಿದೆ. ಕೊಕ್ಕು ಕಂಬದ ಕಡೆ.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಅವಳೇ, ಬೇಗ ಬಂದಿದ್ದಾಳೆ. ಬಾಗಿಲು ತಟ್ಟುತ್ತಿದ್ದಾಳೆ. ಮುಚ್ಚಿಡಲು ಸಮಯವಿದೆ, ಮುಚ್ಚುವುದಿಲ್ಲ. ಹೇಳಿಬಿಡುತ್ತೇನೆ. ಮೊದಲು ಹೇಳಬೇಕಾದದ್ದು —