ಮಗಳ ಕಾಲಿನ ಗುಣ

ಇಳಕಲ್ಲ, ತಾ. ೯-೨-೧೯೧೨

ಚಿರಂಜೀವಿ ಸೌಭಾಗ್ಯವತಿ ಗುರುಸಿದ್ದವ್ವಳಿಗೆ ನಿನ್ನ ಅಪ್ಪ ಅಂದಪ್ಪ ಮಾಡುವ ಆಶೀರ್ವಾದಗಳು. ಕಾಗದ ಬರೆಯಲು ಎರಡು ತಿಂಗಳು ತಡವಾಯಿತು, ಸಿಟ್ಟಾಗಬೇಡ. ಬೋರಲು ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಿದ್ದಿವೆ. ನಿನ್ನನ್ನು ಮೂರನೆಯ ಇಯತ್ತೆಯವರೆಗೆ ಓದಿಸಿದ್ದು ಒಳ್ಳೆಯದಾಯಿತು, ಇದನ್ನು ಬೇರೆಯವರು ನಿನಗೆ ಓದಿ ಹೇಳುವುದು ಬೇಕಿಲ್ಲ.

ಸೊಂಟದ ಕೆಳಗೆ ಜೀವವಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ತುಳಿಯದೆ ನೇಯ್ಗೆ ನಡೆಯುತ್ತದೆಯೇ? ಅರ್ಧ ನೇಯ್ದ ಸೀರೆ ಹಾಗೆಯೇ ಧೂಳು ತಿನ್ನುತ್ತಿದೆ. ನನ್ನನ್ನು ಮಗ್ಗಲು ಹೊರಳಿಸುವವನು ಪಕ್ಕದ ಮನೆಯ ಬಣ್ಣಗಾರ ಮಲೀಕಸಾಬ. ನಮ್ಮವರು ಬಾಗಿಲಲ್ಲೇ ನಿಂತು ಲೊಚಗುಟ್ಟಿ ಹೋಗುತ್ತಾರೆ.

ಅವನೇ ನನ್ನನ್ನು ಗಾಡಿಯಲ್ಲಿ ಬಾಗಲಕೋಟೆಯ ದವಾಖಾನೆಗೆ ಒಯ್ದಿದ್ದ. ಡಾಕ್ಟರರು ಬೆನ್ನು ಮುಟ್ಟಿ ನೋಡಿ ಹೇಳಿದರು: "ಬೆನ್ನಿನ ಮಣಿಗಳ ನಡುವ ರೊಕ್ಕದಂಗ ದುಂಡಗ ಮೆತ್ತನ್ನ ಬಿಲ್ಲಿ ಇರ್ತಾವು. ಹುನಗುಂದದ ಹಾದ್ಯಾಗ ಗಾಡಿ ಮಗುಚಿ ಬಿದ್ದಾಗನ ಒಂದು ಬಿಲ್ಲಿ ಹರದೈತಿ. ಅಲುಗದಂಗ ಹಲಗಿ ಮ್ಯಾಲ ಮಲಗಿದ್ರ ಗುಣಾ ಆಗತಿತ್ತೇನೋ. ಆಮ್ಯಾಲ ಏನ ಮಾಡಿದ್ರಿ?"

"ಉಳುಕು ಅಂತ ತಿಳದು ಒದಿಸಿಕೊಂಡೇನ್ರಿ. ನನ್ನ ಮಗಳು ಕಾಲು ಮುಂದಾಗಿ ಹುಟ್ಟಿದಾಕಿ. ಅಂಥವರು ಒದ್ರ ಬೆನ್ನು ಹಿಡದದ್ದು ಬಿಡತೈತಿ."

ಅವರು ಮತ್ತೊಮ್ಮೆ ಬೆನ್ನು ಒತ್ತಿ ನೋಡಿದರು. "ಆ ಏಟಿಗೆ ಬಿಲ್ಲಿ ಪೂರಾ ಹೊರಗ ಬಂದು ನರ ಅಪ್ಪಚ್ಚಿ ಆಗೈತಿ. ಆಕಿ ತಾನಾಗಿ ಒದ್ದಳೇನು?"

ಇಲ್ಲ ಮಗಳೇ. "ಬ್ಯಾಡ ಯಪ್ಪಾ, ನಿನಗ ಭಾಳ ನೋವೈತಿ" ಎಂದು, ನನ್ನನ್ನು ನೋಡಲು ಬಂದ ನೀನು ಅತ್ತುಬಿಟ್ಟೆ. ಮೆಲ್ಲಗೆ ಕಾಲು ತಾಗಿಸಿದೆ. "ಊರ ಮಂದೀಗೆಲ್ಲ ಒದಿತಿ, ಹಡದ ಅಪ್ಪಗ ಆಗೂದಿಲ್ಲೇನು? ಜೋರ ಒದಿ" ಎಂದು ಗದರಿಸಿದವನು ನಾನು. ಅದನ್ನು ಡಾಕ್ಟರರಿಗೂ ಹೇಳಿದೆ. "ಹಂಗಾರ ತಪ್ಪು ನಿಮ್ಮದು, ಆಕೀದಲ್ಲ" ಎಂದರು. ಇದನ್ನು ನೀನು ನೂರು ಸಲ ಓದು.

ಮಲೀಕಸಾಬ ನಿಮ್ಮ ಕೆರೂರ ಸಂತೆಗೆ ಬಂದಾಗ ನಿನ್ನನ್ನು ನೋಡಿದನಂತೆ. ನಿನ್ನತ್ತೆ ಸಾವಂತ್ರವ್ವ "ಹಡದವನ ಕಾಲು ತಿಂದ ಕಾಲು, ಒಲಿ ಹತ್ತರ ಬರಬ್ಯಾಡ" ಎಂದು ನಿನಗೆ ದನದ ಕೊಟ್ಟಿಗೆಯಲ್ಲಿ ರೊಟ್ಟಿ ಹಾಕುತ್ತಾಳಂತೆ. ಇದೇ ಬೀಗಿತಿ ಇದೇ ಕಾಲಿಗಾಗಿ ನಿನ್ನನ್ನು ಕೇಳಿಕೊಂಡು ಬಂದಿದ್ದಳು. ಐತವಾರಕ್ಕೊಮ್ಮೆ ಒದಿಸಿಕೊಳ್ಳಲು ಬಂದ ಮಂದಿ ತಂದುಕೊಟ್ಟ ಕಾಯಿ, ಬೆಲ್ಲ ಒಳಗೆ ಒಯ್ದಿಟ್ಟವಳೂ ಅವಳೇ.

ಬಸವಣ್ಣ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂದೆ
ಅಂದಪ್ಪ

ತಾ.ಕ. ಬರೆಯಬಾರದೆಂದಿದ್ದೆ, ಬರೆಯುತ್ತೇನೆ. ನೀನು ಕಾಲು ಮುಂದಾಗಿ ಹುಟ್ಟಿದವಳಲ್ಲ. ಎಲ್ಲ ಕೂಸುಗಳ ಹಾಗೆ ತಲೆ ಮುಂದಾಗಿಯೇ ಹುಟ್ಟಿದೆ. ನಿನ್ನ ಹಡೆದವ್ವ ಅದೇ ದಿನ ತೀರಿಕೊಂಡಳು. ತಾಯಿಯನ್ನು ತಿಂದ ಹೆಣ್ಣೆಂದು ನಿನ್ನಜ್ಜಿ ನಿನ್ನನ್ನು ಎತ್ತಿಕೊಳ್ಳಲಿಲ್ಲ, ಹಾಲು ಹಾಕಲಿಲ್ಲ. ಈ ಕೂಸಿನ ಕಾಲಿನಲ್ಲಿ ಗುಣವಿದೆ ಎಂದರೆ ಸಾಕಿಯಾಳೆಂದು ಸೂಲಗಿತ್ತಿಯ ಕಾಲು ಹಿಡಿದು ಸುಳ್ಳು ಹೇಳಿಸಿದೆ. ಅಜ್ಜಿ ಎತ್ತಿಕೊಂಡಳು. ಹೇಳುತ್ತ ಹೇಳುತ್ತ ಹದಿನೆಂಟು ವರ್ಷದಲ್ಲಿ ನಾನೂ ನಂಬಿಬಿಟ್ಟೆ. ಇದನ್ನು ಸಾವಂತ್ರವ್ವನ ಮುಂದೆ ಗಟ್ಟಿಯಾಗಿ ಓದು. ಸುಳ್ಳು ಹೇಳಿ ಹೆಣ್ಣು ಕೊಟ್ಟನೆಂದು ನನ್ನನ್ನು ಬೈಯಲಿ. ನಿನ್ನನ್ನು ಹೊರಗೆ ಹಾಕಿದರೆ ಒಬ್ಬಳೇ ಬಂದುಬಿಡು ತಾಯಿ, ಕರೆದುಕೊಂಡು ಬರಲು ನನಗೆ ಕಾಲಿಲ್ಲ.