ಒಂದೇ ಬೀಪಿಗೆ ಎರಡು ವಾಚು

ಮಾದು,

ನೀನು ರಿಪೇರಿ ಮಾಡಿದ ಆ ವಾಚು ಸರಿಯಾಗಿಯೇ ಓಡುತ್ತಿತ್ತು. ಇದು ನನಗೆ ಎಂಟು ತಿಂಗಳಿಂದ ಗೊತ್ತು, ಯಾರಿಗೂ ಹೇಳಿರಲಿಲ್ಲ.

ದಿನಾ ರೇಡಿಯೊ ವಾರ್ತೆಯ ಬೀಪಿಗೆ ಅದನ್ನು ನೋಡಿ ಬರೆದಿಟ್ಟವನು ನಾನೇ. ಒಂದು ದಿನ ಎರಡು ಸೆಕೆಂಡು ಮುಂದೆ, ಮರುದಿನ ಮೂರು ಹಿಂದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಂಗಡಿ ಯಜಮಾನ ಪುಟ್ಟಸಿದ್ದಯ್ಯ ನಿನ್ನನ್ನು ಕೆಲಸದಿಂದ ಕಳಿಸಿದರು.

ಆಮೇಲೆ ಪೇಪರಿನಲ್ಲಿ ಪರಮಾಣು ಗಡಿಯಾರದ ಬಗ್ಗೆ ಓದಿದೆ. ಪರಮಾಣುಗಳ ಮಿಡಿತವನ್ನು ಅಳೆಯುವ ಬೆಳಕೇ ಒಂದಿಷ್ಟು ನಡುಗುತ್ತದಂತೆ. ಅದಕ್ಕೆ ಒಂದೇ ಬೆಳಕನ್ನು ಪರಮಾಣುಗಳ ಎರಡು ಗುಂಪಿನ ಮೇಲೆ ಬಿಟ್ಟು ವ್ಯತ್ಯಾಸವನ್ನಷ್ಟೇ ನೋಡುತ್ತಾರೆ. ನಡುಕ ಎರಡರಲ್ಲೂ ಒಂದೇ ಆದ್ದರಿಂದ ಕಳೆದುಹೋಗುತ್ತದೆ. ನಾನೂ ಆ ವಾಚನ್ನು ಅಂಗಡಿಯ ಒಳ್ಳೆಯ ವಾಚಿನ ಪಕ್ಕ ಇಟ್ಟು, ಬೀಪಿಗೆ ಒಂದೇ ನೋಟದಲ್ಲಿ ಎರಡನ್ನೂ ಓದಿದೆ. ಹತ್ತು ದಿನವೂ ಅವುಗಳ ಅಂತರ ಬದಲಾಗಲಿಲ್ಲ. ತಪ್ಪುತ್ತಿದ್ದದ್ದು ನನ್ನ ಕಣ್ಣು.

ಇವತ್ತು ಪುಟ್ಟಸಿದ್ದಯ್ಯನಿಗೆ ಹೇಳಿಬಿಟ್ಟೆ. ಅವರು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯಲಿಲ್ಲ.

"ನಂಗ್ ಗೊತ್ತಿರ್ನಿಲ್ವೇನ್ಲಾ? ಇಬ್ರಿಗೆ ಕೆಲ್ಸ ಎಲ್ಲಿತ್ತು? ಒಬ್ಬನ್ನ ಕಳಿಸ್ಬೇಕಿತ್ತು. ನೀನು ಸುಳ್ ಹೇಳಲ್ಲ ಅಂತ ಊರೇ ನಂಬ್ತದೆ ಕಣ್ಲಾ, ಅದ್ಕೇ ನಿನ್ ಕೈಲಿ ಬರೆಸ್ದೆ."

ನಾನು ಎದ್ದು ನಿಂತೆ. ಕೂತಿದ್ದದ್ದು ನಿನ್ನ ಕುರ್ಚಿಯಲ್ಲಿ.

"ಎಲ್ಗ್ ಹೋದೀಯೆ? ಎಂಟ್ನೇ ಕ್ಲಾಸ್ ಬುಟ್ಟೋನ್ಗೆ ಯಾವನ್ಲಾ ಕೆಲ್ಸ ಕೊಟ್ಟಾನು? ಕೂತ್ಕೊ."

ಕೂತೆ ಮಾದು. ಸಂಜೆಯವರೆಗೂ ಅಲ್ಲೇ ಕೂತು ಮೂರು ವಾಚು ರಿಪೇರಿ ಮಾಡಿದೆ.

ನೀನು ಕೆಲಸ ಹುಡುಕಿ ರಾಜ್ಯದ ಗಡಿ ದಾಟಿ ಹೋದೆಯೆಂದು ನಿಮ್ಮವ್ವ ಹೇಳಿದರು. ವಿಳಾಸ ಅವರಿಗೂ ಗೊತ್ತಿಲ್ಲ. ನನಗೆ ಬೇರೆ ಕೆಲಸ ಸಿಕ್ಕಿಲ್ಲ.

ನಾಳೆ ಅಂಗಡಿಗೆ ಹೋಗುವುದಿಲ್ಲ. ಈ ಕಾಗದ ಹಿಡಿದು, ಗಡಿಯ ಕಡೆಯ ಹನೂರಿನ ಮೊದಲ ಬಸ್ಸಿಗೆ ನಿನ್ನನ್ನು ಹುಡುಕಿ ಹೊರಡುತ್ತೇನೆ.