ಯಜಮಾನರ ಪಾಲು

ಮಾರ್ಚ್ ೧೧

ಪ್ರೀತಿಯ ಕತ್ತರಿ,

ನಿನ್ನ ಎರಡು ಪತ್ರಗಳೂ ಬಂದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಬೆಚ್ಚಗೆ ಮಲಗಿವೆ. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ, ಅದು ನಿನ್ನ ಹಕ್ಕು. "ಸೂಜಿಗೆ ಈಗ ಕೊಂಬು ಬಂದಿದೆ" ಅಂತ ಅತ್ತಿಗೆಯ ಮುಂದೆ ಹೇಳಿದ್ದೂ ಆಗಿರುತ್ತದೆ. ಕೊಂಬಲ್ಲ ಕಣಯ್ಯಾ, ಬಿಡುವಿಲ್ಲ. ಬೆಳಿಗ್ಗೆ ಎದ್ದರೆ ತರಕಾರಿ, ಮಧ್ಯಾಹ್ನವಾದರೆ ಪಾತ್ರೆ, ನಡುವೆ ಯಾರದೋ ಪ್ಯಾಂಟಿನ ಜಿಪ್ಪು. ನೀನು ಬಟ್ಟೆ ಕತ್ತರಿಸಿ, ನಾನು ಹೊಲಿದು, ಒಂದೇ ಅಂಗಡಿಯಲ್ಲಿ ಅರ್ಧ ಆಯಸ್ಸು ಕಳೆದವರು ನಾವು. ಗಿರಾಕಿಗಳು ಕರೆದ ಕತ್ತರಿ, ಸೂಜಿ ಅನ್ನುವ ಹೆಸರೇ ನಮಗೆ ಗಟ್ಟಿಯಾಯಿತು. ಈಗ ನೋಡಿದರೆ ಹಗಲೆಲ್ಲ ನನ್ನ ಕೈಯಲ್ಲಿರುವುದು ಚಾಕು.

ನಿನ್ನ ಕಣ್ಣಿನ ಆಪರೇಷನ್ ಸಲೀಸಾಗಿ ಮುಗಿಯಿತೆಂದು ಓದಿ ಮನಸ್ಸಿಗೆ ಹಗುರವಾಯಿತು. ಅಂಗಡಿಯಲ್ಲಿದ್ದಾಗ ದಾರ ಪೋಣಿಸಲು ನನ್ನನ್ನು ಕೂಗುತ್ತಿದ್ದೆ, ಈಗ ಕಣ್ಣು ಕಾಣುತ್ತದೆ, ಕೂಗಲು ನೆಪವೇ ಇಲ್ಲ ಅಂತ ಬರೆದಿದ್ದೀಯಲ್ಲ, ಓದಿ ನಕ್ಕೆ. ಮೊಮ್ಮಗಳಿಗೆ ಹಲ್ಲು ಬಂತೇ? ಅವಳಿಗೊಂದು ಅಂಗಿ ಹೊಲಿದಿಟ್ಟಿದ್ದೇನೆ. ಕಳಿಸುವಷ್ಟರಲ್ಲಿ ಅದು ಅವಳಿಗೆ ಗಿಡ್ಡವಾಗದಿದ್ದರೆ ಸಾಕು.

"ತಂಗಿ ಹೇಗಿದ್ದಾಳೆ, ಊಟ ಮಾಡುತ್ತಾಳಾ" ಅಂತ ಎರಡು ಪತ್ರದಲ್ಲೂ ಕೇಳಿದ್ದೀಯ. ನನ್ನ ಹೆಂಡತಿಯನ್ನು ನೀನು ತಂಗಿ ಅನ್ನದೆ ಕರೆದದ್ದೇ ಇಲ್ಲ. ಮಾಡುತ್ತಾಳೆ. ಮೊದಲು ಆ ಒಳ್ಳೆಯ ಸುದ್ದಿ ತಗೋ. ಆದರೆ ಏನನ್ನು ತಿನ್ನುತ್ತಾಳೆ ಅಂತ ಹೇಳಿದರೆ ನೀನು ನಂಬುವುದಿಲ್ಲ.

ನೀನು ಅಂಗಡಿ ಬಿಟ್ಟು ಹೋಗುವ ಹೊತ್ತಿಗೆ ಅವಳ ಮರೆವು ಶುರುವಾಗಿತ್ತು. ಬೀಗದ ಕೈ ಅಕ್ಕಿ ಡಬ್ಬದಲ್ಲಿ ಸಿಕ್ಕಿದಾಗ ನಾವು ಮೂವರೂ ನಕ್ಕಿದ್ದೆವು. ಕಳೆದ ಬೇಸಿಗೆಯಿಂದ ನಗುವುದಕ್ಕೆ ಏನೂ ಉಳಿಯಲಿಲ್ಲ. ಒಲೆಯ ಮುಂದೆ ನಿಂತವಳಿಗೆ ಮುಂದೇನು ಹಾಕಬೇಕೆಂದು ಹೊಳೆಯುತ್ತಿರಲಿಲ್ಲ. ಸೌಟು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಅಂಗಡಿ ಮುಚ್ಚಿ, ಮೆಷಿನ್ನು ಮನೆಗೆ ತಂದು, ಸೌಟನ್ನು ನಾನೇ ತೆಗೆದುಕೊಂಡೆ. ಅವಳು ಮಾಡುತ್ತಿದ್ದ ಅಡುಗೆಯನ್ನೇ ಅವಳ ಹಾಗೆಯೇ ಮಾಡಲು ಹೋದೆ. ಅವಳು ಕಳಿಸುತ್ತಿದ್ದ ಡಬ್ಬಿಯಲ್ಲಿ ಅಷ್ಟು ವರ್ಷ ಪಾಲು ತಿಂದವನು ನೀನು, ಆ ಕೈರುಚಿ ನನಗೆಲ್ಲಿಂದ ಬರಬೇಕು ಹೇಳು. ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳುತ್ತಿದ್ದಳು. "ಇದು ನಾನು ಮಾಡಿದ್ದಲ್ಲ. ಯಾರೋ ನನ್ನ ಅಡುಗೆ ಕೆಡಿಸಿದ್ದಾರೆ" ಅಂತ ಅಳು. ಉಳಿದದ್ದೆಲ್ಲ ಮರೆತರೂ ಆ ರುಚಿ ಮಾತ್ರ ಅವಳ ನಾಲಿಗೆ ಬಿಟ್ಟಿರಲಿಲ್ಲ.

ಅವಳ ಬಟ್ಟೆಗಳನ್ನು ಮತ್ತೆ ಮತ್ತೆ ಒಳಕ್ಕೆ ಹಿಡಿದು ಹೊಲಿದೆ. ನನಗೆ ತೂಕದ ಮೆಷಿನ್ನು ಬೇಕಿರಲಿಲ್ಲ, ಪಕ್ಕದ ಹೊಲಿಗೆ ಎಷ್ಟು ಒಳಗೆ ಸರಿಯಿತು ಅನ್ನುವುದರಲ್ಲೇ ಗೊತ್ತಾಗುತ್ತಿತ್ತು. ಒಂದು ಸಲ ಹಿಡಿಯಲು ಇನ್ನು ಬಟ್ಟೆಯೇ ಉಳಿಯಲಿಲ್ಲ, ತೋಳನ್ನೇ ಬಿಚ್ಚಿ ಹೊಸದಾಗಿ ಕತ್ತರಿಸಬೇಕಾಯಿತು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಡಾಕ್ಟರು, "ಎಣ್ಣೆ ಕಡಿಮೆ, ಮೆತ್ತಗಿರೋದು, ಹಗುರ ಇರೋದು ಏನಾದ್ರೂ ಕೊಡಿ, ಆದ್ರೆ ಹೇಗಾದ್ರೂ ಮಾಡಿ ತಿನ್ನಿಸಿ" ಅಂದರು. ಹೇಗಾದರೂ ಅನ್ನುವುದು ಹೇಗೆ ಅಂತ ಅವರು ಹೇಳಲಿಲ್ಲ.

ದಾರಿ ತೋರಿಸಿದವಳು ಮೇಲಿನ ಮನೆಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿ. ಅವಳು ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ. ಬರೀ ಕಾಳು, ಸೊಪ್ಪು, ಗೆಡ್ಡೆ, ಅದರಲ್ಲೂ ಚೀನಾ, ಜಪಾನಿನ ಕಡೆಯ ಅಡುಗೆ. ಒಂದು ಸಂಜೆ ಒಂದು ಬೋಗುಣಿ ತಂದುಕೊಟ್ಟಳು. ಶುಂಠಿ ಕುದಿಸಿದ ತಿಳಿಸಾರು, ಅದರಲ್ಲಿ ದಾರದಷ್ಟು ಸಣ್ಣ ಅಕ್ಕಿ ನೂಡಲ್ಸ್, ಅಣಬೆ, ಮೇಲೆ ತೇಲುವ ನಾಲ್ಕು ಬಿಳಿ ತುಂಡು. ಆ ಬಿಳಿ ತುಂಡಿಗೆ ತೋಫು ಅನ್ನುತ್ತಾರಂತೆ, ಸೋಯಾ ಹಾಲು ಒಡೆಸಿ ಮಾಡುವುದು. ನಿನ್ನ ತಂಗಿ ಬೋಗುಣಿಯನ್ನು ಅನುಮಾನದಿಂದ ನೋಡಿದಳು, ಒಂದು ಚಮಚ ಕುಡಿದಳು, ಆಮೇಲೆ ಬೋಗುಣಿಯನ್ನೇ ಎತ್ತಿ ಕುಡಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಯಾಕೆ ತಿಂದಳೆಂದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಆ ಅಡುಗೆಯನ್ನು ಅವಳು ಯಾವತ್ತೂ ಮಾಡಿರಲಿಲ್ಲ, ತಿಂದೂ ಇರಲಿಲ್ಲ. ಹೋಲಿಸಿ ನೋಡಲು ಅವಳ ನಾಲಿಗೆಯಲ್ಲಿ ಏನೂ ಇರಲಿಲ್ಲ. ಯಾರೂ ಕೆಡಿಸಲಾಗದ ಅಡುಗೆ ಅದು.

ಅವತ್ತಿನಿಂದ ನಾನು ಆ ಹುಡುಗಿಯ ಶಿಷ್ಯ. ನಗಬೇಡ. ಮೊದಲ ದಿನ ನೂಡಲ್ಸ್ ಬೆಂದು ಗೋಂದಾಯಿತು, ಕಾಲರಿಗೆ ಕ್ಯಾನ್ವಾಸ್ ಅಂಟಿಸಬಹುದಿತ್ತು. ಸೋಯಾ ಸಾಸ್ ಅನ್ನುವ ಕಪ್ಪು ನೀರನ್ನು ಧಾರಾಳವಾಗಿ ಸುರಿದು ಬಾಯಿಗಿಟ್ಟರೆ ಸಮುದ್ರ. "ಅಂಕಲ್, ಅದರಲ್ಲೇ ಉಪ್ಪಿದೆ, ಮತ್ತೆ ಉಪ್ಪು ಯಾಕೆ ಹಾಕಿದ್ರಿ" ಅಂತ ಹುಡುಗಿ ತಲೆ ಚಚ್ಚಿಕೊಂಡಳು. ತೋಫು ಬಾಣಲೆಯಲ್ಲಿ ಪುಡಿಪುಡಿಯಾಯಿತು. ನೀರು ಹಿಂಡಿ ತೆಗೆಯಬೇಕಂತೆ, ಮೇಲೆ ಭಾರ ಇಡಬೇಕಂತೆ. ಭಾರಕ್ಕೆ ಏನಿಟ್ಟೆ ಹೇಳು? ನಮ್ಮ ಹಳೆಯ ಇದ್ದಿಲ ಇಸ್ತ್ರಿ ಪೆಟ್ಟಿಗೆ. ಕೋಟುಗಳ ಮೇಲೆ ಓಡಾಡಿದ ಯಜಮಾನ ಈಗ ತೋಫುವಿನ ಮೇಲೆ ಕೂತು ಪಿಂಚಣಿ ತಿನ್ನುತ್ತಿದ್ದಾನೆ.

ಈಗ ಕೈ ಪಳಗಿದೆ. ಕ್ಯಾರೆಟ್, ಸೌತೆಕಾಯಿಯನ್ನು ನಾನು ಹೆಚ್ಚುವ ಹಾಗೆ ಆ ಹುಡುಗಿಗೂ ಹೆಚ್ಚಲು ಬರುವುದಿಲ್ಲ. ಅಕ್ಕಿಯ ಹಾಳೆ ಅಂತ ಸಿಗುತ್ತದೆ, ಲೈನಿಂಗ್ ಬಟ್ಟೆಯಷ್ಟು ತೆಳು. ನೀರಿನಲ್ಲಿ ಅದ್ದಿ, ಒಳಗೆ ಹಸಿ ತರಕಾರಿ, ಪುದೀನ ಇಟ್ಟು ಸುತ್ತಬೇಕು, ಒಂದು ತೊಟ್ಟು ಎಣ್ಣೆ ಬೇಡ. ಅಂಚು ಮಡಚುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬದನೆಕಾಯಿಯನ್ನು ಆವಿಯಲ್ಲಿ ಬೇಯಿಸಿ, ಬೆಳ್ಳುಳ್ಳಿ, ಎಳ್ಳೆಣ್ಣೆ ನಾಲ್ಕು ಹನಿ, ಮೇಲೆ ಈರುಳ್ಳಿ ಸೊಪ್ಪು. ಅದೆಂದರೆ ನಿನ್ನ ತಂಗಿಗೆ ಪ್ರಾಣ. ಹೋದ ತಿಂಗಳು ಅವಳ ಅಂಗಿಯ ಹೊಲಿಗೆಯನ್ನು ಒಂದು ಬೆರಳು ಹೊರಗೆ ಬಿಟ್ಟೆ. ಬಿಚ್ಚಿದ ದಾರವನ್ನು ಎಸೆಯಲು ಮನಸ್ಸಾಗಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಸುಲಭವಾಯಿತು. ಇನ್ನು ಮುಂದಿನದನ್ನು ಹೇಗೆ ಬರೆಯಲಿ ಅಂತಲೇ ಇಷ್ಟು ದಿನ ನಿನಗೆ ಬರೆಯಲಿಲ್ಲ.

ಅವಳು ಚೆನ್ನಾಗಿ ತಿನ್ನತೊಡಗಿದ ಮೇಲೆ ಒಂದು ದಿನ, ನಾನು ಬಡಿಸುತ್ತಿದ್ದಾಗ ತಲೆಯೆತ್ತಿ ಮರ್ಯಾದೆಯಿಂದ ಕೇಳಿದಳು, "ನೀವು ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತು?" ತಮಾಷೆ ಅಂದುಕೊಂಡೆ. ತಮಾಷೆಯಾಗಿರಲಿಲ್ಲ. ಗೊತ್ತಿಲ್ಲದ ಅಡುಗೆ ಮಾಡಿ ಬಡಿಸುವವನು ಗೊತ್ತಿಲ್ಲದವನೇ ಆಗಿರಬೇಕಲ್ಲ, ಅವಳ ಲೆಕ್ಕದಲ್ಲಿ ತಪ್ಪೇನಿದೆ. ನಾನು ಚಮಚ ಕೆಳಗಿಟ್ಟು, "ನಾನೇ ಕಣೇ, ನಿನ್ನ ಗಂಡ" ಅಂದೆ. ಅವಳು ಎದ್ದು ರೂಮಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಮನೆಯೊಳಗೆ ಯಾರೋ ಒಬ್ಬ ನುಗ್ಗಿದ್ದಾನೆ, ಯಜಮಾನರು ಬರುವ ಹೊತ್ತಾಯಿತು, ಯಾರಾದರೂ ಬನ್ನಿ ಅಂತ ಕಿಟಕಿಯಿಂದ ಕೂಗಿದಳು. ನರ್ಸ್ ಹುಡುಗಿ ಇಳಿದುಬಂದು ಬಾಗಿಲು ತೆಗೆಸಬೇಕಾಯಿತು. ಎರಡು ದಿನ ನೀರು ಬಿಟ್ಟರೆ ಏನನ್ನೂ ಮುಟ್ಟಲಿಲ್ಲ.

ಮೂರನೆಯ ದಿನ ನಾನು ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ಬೋಗುಣಿ ಹಿಡಿದು ಹೋಗಿ, "ಅಮ್ಮಾ, ನಾನು ಅಡುಗೆಯವನು. ಊಟ ತಂದಿದ್ದೀನಿ" ಅಂದೆ. "ಇಡಿ" ಅಂದಳು. ತಿಂದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹೊರಗಿನವನಾದ ಮೇಲೆ ನಾನು ಮದ್ದಾದೆ.

ಹಾಗಾಗಿ ನಾನೀಗ ನನ್ನ ಮನೆಯ ಅಡುಗೆಯವನು. ಕೆಲಸ ಖಾಯಂ, ಯಜಮಾನಿ ಒಳ್ಳೆಯವಳು. ಊಟ ಮಾಡುತ್ತಾ ನನ್ನ ಹತ್ತಿರ ಸುಖದುಃಖ ಮಾತಾಡುತ್ತಾಳೆ. ಮಾತೆಲ್ಲ ಅವಳ ಗಂಡನದೇ. "ನಮ್ಮ ಯಜಮಾನ್ರು ಹೊಲಿದ ಗುಂಡಿ ಕಾಜಾ ನೋಡಬೇಕು ನೀವು, ಇಡೀ ಊರಲ್ಲಿ ಹಾಗೆ ಯಾರೂ ಹೊಲಿಯಲ್ಲ" ಅನ್ನುತ್ತಾಳೆ. "ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ" ಅನ್ನುತ್ತಾಳೆ. ಮದುವೆಯಾದಾಗಿನಿಂದ ನನ್ನ ಮುಖಕ್ಕೆ ಅವಳು ಇಷ್ಟು ಒಳ್ಳೆಯ ಮಾತು ಆಡಿದ್ದಿಲ್ಲ. ಕೇಳುತ್ತಾ ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತದೆ ಅಂದರೆ ನೀನು ನಗುತ್ತೀಯೋ ಅಳುತ್ತೀಯೋ.

ಪ್ರತಿದಿನ ಮಧ್ಯಾಹ್ನ ತಾನು ತಿನ್ನುವ ಮೊದಲು, "ಯಜಮಾನ್ರ ಪಾಲು ತೆಗೆದಿಡಿ, ಅಂಗಡಿಯಿಂದ ಹಸಿದು ಬರ್ತಾರೆ" ಅನ್ನುತ್ತಾಳೆ. ಒಂದು ಬೋಗುಣಿಗೆ ತಾನೇ ಮುಚ್ಚಳ ಹಾಕುತ್ತಾಳೆ. ಅವಳು ಮಲಗಿದ ಮೇಲೆ ನಾನು ಅದನ್ನು ತಿನ್ನುತ್ತಿದ್ದೆ. ಎದ್ದು ಬಂದು ಖಾಲಿ ಬೋಗುಣಿ ನೋಡಿದಳೆಂದರೆ ಅವಳ ಮುಖ ಅರಳುತ್ತಿತ್ತು. "ಬಂದಿದ್ರಾ? ನನ್ನ ಎಬ್ಬಿಸಬಾರದಿತ್ತಾ? ಏನಾದ್ರೂ ಹೇಳಿದ್ರಾ?" ಅಂತ ಕೇಳುತ್ತಿದ್ದಳು. ನಾನು ಏನಾದರೊಂದು ಹೇಳುತ್ತಿದ್ದೆ, ಮಲಗಿರಲಿ ಅಂದರು, ರುಚಿಯಾಗಿದೆ ಅಂದರು. ಆದರೆ ಈಗ ಅವಳು ಮಧ್ಯಾಹ್ನ ಮಲಗುವುದನ್ನೇ ಬಿಟ್ಟಿದ್ದಾಳೆ. ಗಂಡ ಬಂದು ತನಗೆ ಕಾಣದೆ ಹೋಗುತ್ತಾನೆಂದು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಬೋಗುಣಿಯಲ್ಲಿ ನೂಡಲ್ಸ್ ಊದಿಕೊಂಡು ಆರಿಹೋಗುತ್ತದೆ. ಅವನ ಮಾತೆಂದು ನಾನು ಹೇಳಿದ್ದೆಲ್ಲ ಅವಳಿಗೆ ಮರೆತೇಹೋಗಿದೆ. ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಅವಳ ಬೆನ್ನು ನೋಡುತ್ತಿರುತ್ತೇನೆ. ಅವಳು ಯಾರಿಗಾಗಿ ಕಾಯುತ್ತಿದ್ದಾಳೋ ಅವನು ಅವಳ ಹಿಂದೆಯೇ ನಿಂತಿದ್ದಾನೆ, ಮುಂದೆ ಹೋಗಿ ನಿಲ್ಲುವ ಹಾಗಿಲ್ಲ. ಎದೆ ಒಡೆದುಹೋಗುತ್ತದೆ ಕತ್ತರಿ, ಬೇರೆ ಮಾತು ನನಗೆ ತಿಳಿಯದು.

"ಅಂಕಲ್, ಈಗ ಅವರು ತಿಂತಿದಾರಲ್ಲ, ಸದ್ಯಕ್ಕೆ ಅದನ್ನ ನೋಡಿ" ಅನ್ನುತ್ತಾಳೆ ನರ್ಸ್ ಹುಡುಗಿ. ಅದನ್ನೇ ನೋಡುತ್ತಿದ್ದೇನೆ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ಹೇಳು. ಕಣ್ಣಿಗೆ ಹೊಗೆ, ಧೂಳು ತಾಗಿಸಬೇಡ, ಸಣ್ಣ ಹೊಲಿಗೆಗೆ ಈಗಲೇ ಕೂರಬೇಡ. ಮೊಮ್ಮಗಳು ನೂರು ವರ್ಷ ಸುಖವಾಗಿ ಬಾಳಲಿ, ಅಜ್ಜನ ಕತ್ತರಿ ಹಿಡಿಯುವಷ್ಟು ಬೇಗ ಬೆಳೆಯಲಿ. ನೀವೆಲ್ಲ ಚೆನ್ನಾಗಿರಿ.

ನಿನ್ನ,
ಸೂಜಿ

ಮರೆತ ಮಾತು: ಪತ್ರ ಮಡಚುತ್ತಿದ್ದೆ, ಅವಳು ಬಂದು ಯಾರಿಗೆ ಬರೀತಿದ್ದೀರಿ ಅಂದಳು. ಕತ್ತರಿಗೆ ಅಂದುಬಿಟ್ಟೆ. ನಿನ್ನ ನೆನಪು ತಟ್ಟನೆ ಬಂತು ಅವಳಿಗೆ. "ಕತ್ತರಿ ಅಣ್ಣನಾ? ಅವರಿಗೆ ನಮ್ಮ ಯಜಮಾನ್ರು ಎಲ್ಲಿದ್ದಾರೆ ಅಂತ ಗೊತ್ತಿರುತ್ತೆ. ನಾನು ಹೇಳ್ತೀನಿ, ಬರೀರಿ" ಅಂತ ಪಕ್ಕದಲ್ಲೇ ಕೂತಳು. ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ:

"ಅಣ್ಣನಿಗೆ ನಮಸ್ಕಾರ. ಇವರು ನಿಮ್ಮ ಹತ್ರ ಬಂದಿದ್ದಾರಾ? ಬಂದಿದ್ರೆ ಒಂದು ಮಾತು ಹೇಳಿ. ನನಗೆ ಅಡುಗೆ ಮರೆತುಹೋಗ್ತಿತ್ತು ಅಣ್ಣ. ಒಂದಿನ ಅನ್ನ ಅರೆಬೆಂದಿತ್ತು, ಇನ್ನೊಂದಿನ ಉಪ್ಪು ಎರಡು ಸಲ ಬಿದ್ದಿತ್ತು. ಇವರು ತುಟಿ ಪಿಟಕ್ ಅನ್ನದೆ ತಿಂದ್ರು. ಸುಮ್ಮನಿರೋ ಮನುಷ್ಯರಲ್ಲ ಇವರು, ನಿಮಗೇ ಗೊತ್ತು. ಏನೂ ಅನ್ನದೆ ತಿಂದಾಗಲೇ ನನಗೆ ತಿಳೀತು, ತುಂಬಾ ಸಿಟ್ಟು ಬಂದಿದೆ ಅಂತ. ಆಮೇಲೆ ಮನೇಲಿ ಕಾಣ್ಲೇ ಇಲ್ಲ. ಈಗ ಒಬ್ಬರು ಅಡುಗೆಯವರಿದ್ದಾರೆ, ಒಳ್ಳೆಯವರು. ಇನ್ಮೇಲೆ ನಾನು ಒಲೆ ಮುಟ್ಟಲ್ಲ. ಊಟಕ್ಕೇನೂ ತೊಂದರೆ ಆಗಲ್ಲ, ಮನೆಗೆ ಬರೋಕೆ ಹೇಳಿ."

ಇದಕ್ಕೆ ನೀನು ಅವಳ ಹೆಸರಿಗೇ ಉತ್ತರ ಬರಿ. ನನಗೆ ಸಿಟ್ಟಿಲ್ಲ, ಯಾವತ್ತೂ ಇರಲಿಲ್ಲ ಅಂತ ಬರಿ. ನಿನ್ನ ಮಾತಾದರೆ ನಂಬುತ್ತಾಳೆ. ನಾನು ಹೇಳಿ ನೋಡಿದೆ. ಬರೆಯುತ್ತಿದ್ದವನು ತಡೆಯಲಾರದೆ, "ಅವರಿಗೆ ಸಿಟ್ಟಿಲ್ಲಮ್ಮಾ" ಅಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನಿಮಗೆ ಹೇಗೆ ಗೊತ್ತಾಗುತ್ತೆ, ನೀವು ಅವರನ್ನ ನೋಡೇ ಇಲ್ಲವಲ್ಲ" ಅಂದಳು.